ಎಷ್ಟು ಗಂಟೆ ಮಲಗಿದ್ರಿ ಅಂತ ಕೇಳಿದ್ರೆ ಸಾಕಾ?

ನಾನಿರೋ ಅಮೆರಿಕದಲ್ಲಿ ದೊಡ್ಡೋರಲ್ಲಿ ಮೂರಕ್ಕೊಬ್ರು ಏಳು ಗಂಟೆನೂ ನಿದ್ದೆ ಮಾಡಲ್ಲ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು ಹೇಳ್ತಾನೇ ಇರ್ತಾರೆ. ಇದೇ ದೇಶದ ಇನ್ನೊಂದು ಸರ್ಕಾರಿ ಸರ್ವೇ, ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ 2003ರಿಂದ ಕೇಳ್ತಿರೋ ಟೈಮ್ ಯೂಸ್ ಸರ್ವೇ, ನೋಡಿದ್ರೆ ಸರಾಸರಿ ಒಂಬತ್ತು ಗಂಟೆ ಹತ್ತಿರ ಹತ್ತಿರ ಅನ್ನತ್ತೆ! ಯಾರೂ ಸುಳ್ಳು ಹೇಳ್ತಿಲ್ಲ, ಕೇಳೋ ರೀತಿನೇ ಬೇರೆ ಅಷ್ಟೇ. ಸಿಡಿಸಿಯವ್ರು ಫೋನ್ ಮಾಡಿ ದಿನಕ್ಕೆ ಸುಮಾರು ಎಷ್ಟು ಗಂಟೆ ನಿದ್ದೆ ಮಾಡ್ತೀರಾ ಅಂತಾರೆ, ಜನ ಆರು, ಏಳು ಅಂತ ಬಾಯಿಗೆ ಬಂದಿದ್ದು ಹೇಳ್ತಾರೆ. ಇನ್ನೊಂದ್ರಲ್ಲಿ ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು 4ರ ತನಕ ಏನೇನು ಮಾಡಿದ್ರಿ ಅಂತ ಒಂದೊಂದೇ ಕೇಳ್ಕೊಂಡು ಹೋಗ್ತಾರೆ, ಒಂದು ದಿನದ ಡೈರಿ ಬರ್ಸಿದ ಹಾಗೆ. ತಮಾಷೆ ಏನಂದ್ರೆ, ಹಾಸಿಗೆಲಿ ಹೊರಳಾಡ್ತಾ ನಿದ್ದೆ ಬರದೇ ಇದ್ದಿದ್ದಕ್ಕೆ ಅದ್ರಲ್ಲಿ ಬೇರೆ ಕೋಡ್ ಇದೆ, ಆದ್ರೆ ಟೋಟಲ್ ಮಾಡುವಾಗ ಅದನ್ನೂ ನಿದ್ದೆ ಲೆಕ್ಕಕ್ಕೇ ಸೇರಿಸ್ತಾರೆ.

ನಮ್ಮ ದೇಶದ 2019ರ ಟೈಮ್ ಯೂಸ್ ಸರ್ವೇನೂ ಇದೇ ಥರದ್ದು, ಅಲ್ಲೂ ನಿದ್ದೆ ಒಂಬತ್ತು ಗಂಟೆ ಆಸುಪಾಸೇ ಬಂತು. ಆದ್ರೆ ಅಲ್ಲಿ ಅರ್ಧರ್ಧ ಗಂಟೆ ಸ್ಲಾಟು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಇಪ್ಪತ್ತು ನಿಮಿಷ ಸೀಲಿಂಗ್ ನೋಡ್ಕೊಂಡು ಬಿದ್ದಿದ್ದವನು, ಬೆಳಿಗ್ಗೆ ಸರ್ವೇಯವ್ರ ಮುಂದೆ ಅದನ್ನ ಬಿಡಿಸಿ ಹೇಳ್ತಾನಾ?

ನನ್ನ ತಕರಾರು ಗಂಟೆ ಲೆಕ್ಕದ ಮೇಲೇ. ಎರಡು ಕೆಲಸ ಮಾಡ್ಕೊಂಡು ಐದೇ ಗಂಟೆ ಮಲಗೋನು, ತಲೆ ಇಟ್ಟ ತಕ್ಷಣ ಗೊರಕೆ ಹೊಡೀತಾನೆ ಅಂದ್ರೆ ಅವನಿಗಿರೋದು ಟೈಮಿನ ಕೊರತೆ. ಎಂಟು ಗಂಟೆ ಹಾಸಿಗೆಲಿದ್ದೂ ನಿದ್ದೆ ಹತ್ತದೇ ಒದ್ದಾಡೋಳಿಗಿರೋದು ನಿದ್ರಾಹೀನತೆ. ಡಾಕ್ಟರುಗಳು ಇದನ್ನ ಕಾಯಿಲೆ ಅನ್ನೋಕೆ ವಾರಕ್ಕೆ ಮೂರು ರಾತ್ರಿಯಾದ್ರೂ, ಮೂರು ತಿಂಗಳಾದ್ರೂ ಹೀಗಾಗಿರ್ಬೇಕು, ಮಲಗೋಕೆ ಟೈಮ್ ಇದ್ದೂ ಆಗಿರ್ಬೇಕು, ಹಗಲಿನ ಕೆಲಸಕ್ಕೂ ಏಟು ಬಿದ್ದಿರ್ಬೇಕು ಅಂತಾರೆ, ಇದ್ಯಾವ್ದೂ ಡೈರಿಯ ಒಂದು ದಿನದಲ್ಲಿ ಕಾಣೋದೇ ಇಲ್ಲ. ಸರಾಸರಿ ತೆಗೆದ್ರಂತೂ ಇಬ್ರೂ ಒಂದೇ ರಾಶಿಯೊಳಗೆ ಮಾಯ.

ಕೈಗೆ ಮೆಷಿನ್ ಕಟ್ಟಿ ಅಳೀಬಹುದಲ್ಲ ಅಂತೀರಾ? ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನೋ ದೊಡ್ಡ ಆರೋಗ್ಯ ಸಂಶೋಧನೆಯವರು ಸುಮಾರು ಒಂದು ಲಕ್ಷ ಜನಕ್ಕೆ ಒಂದು ವಾರ ಕಟ್ಟಿದ್ರು, ಮೆಚ್ಚಲೇಬೇಕು. ಆದ್ರೆ ಸುಮ್ನೆ ಅಲ್ಲಾಡದೆ ಬಿದ್ದಿದ್ರೆ ಮೆಷಿನ್ನು ಅದನ್ನೂ ನಿದ್ದೆ ಅಂದ್ಕೊಳತ್ತೆ. ಅಲ್ದೆ ಆ ಬಯೋಬ್ಯಾಂಕಿಗೆ ಕರೆದೋರಲ್ಲಿ ನೂರಕ್ಕೆ ಐದಾರು ಜನ ಮಾತ್ರ ಬಂದಿದ್ದು, ಅದೂ ಸ್ವಲ್ಪ ಆರೋಗ್ಯವಾಗಿರೋರೇ ಜಾಸ್ತಿ. ಈ ವಿಷಯದಲ್ಲಿ ಮನೆ ಮನೆಗೆ ಹೋಗಿ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಜನರನ್ನ ಕೇಳಿದ ನಮ್ಮ ಸರ್ವೇನೇ ವಾಸಿ ಅನ್ಸತ್ತೆ ನಂಗೆ. ಅಷ್ಟು ಒಳ್ಳೆ ಸ್ಯಾಂಪಲ್ ಕೈಲಿಟ್ಕೊಂಡು, ಡೈರಿ ಮುಗಿದ್ಮೇಲೆ ನಿದ್ದೆ ಹತ್ತೋಕೆ ಕಷ್ಟ ಆಗತ್ತಾ, ಮಧ್ಯ ಎಚ್ಚರ ಆಗತ್ತಾ, ವಾರಕ್ಕೆ ಎಷ್ಟು ಸಲ, ಎಷ್ಟು ತಿಂಗಳಿಂದ ಅಂತ ಇನ್ನೊಂದೆರಡು ನಿಮಿಷ ಕೇಳೋಕೇನು ಕಷ್ಟ?