ನಿಂಬೆರಸ ಹಚ್ಚಿದರೆ ಸುಕ್ಕು ಬರಲ್ವಾ?

ಡೊಂಬಿವಲಿಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಇದು ಆಗಾಗ ಬರುತ್ತಲೇ ಇರುತ್ತದೆ: ದಿನಾ ಮುಖಕ್ಕೆ ನಿಂಬೆರಸ ಹಚ್ಚಿ, ಅರವತ್ತಾದರೂ ಸುಕ್ಕು ಬರಲ್ಲ. ಕಳಿಸುವವರದು ಒಳ್ಳೇ ಮನಸ್ಸೇ. ಆದರೆ ವಿಷಯ ತಪ್ಪು.

ನಿಂಬೆರಸದ ಪಿಎಚ್ (ಆಮ್ಲದ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 2, ಚರ್ಮದ್ದು 5ರ ಆಸುಪಾಸು. ಉರಿಯುವುದು ಅದಕ್ಕೇ, 'ಕೆಲಸ ಮಾಡ್ತಿದೆ' ಅಂತಲ್ಲ. ಜೊತೆಗೆ, ನಿಂಬೆಯ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ರಸ ಇಳಿದ ದಾರಿಯಲ್ಲೇ ಕಂದು ಗೆರೆ ಮೂಡಿ ವಾರಗಟ್ಟಲೆ ಉಳಿಯಬಹುದು. ಹಚ್ಚಿಕೊಂಡು ಪ್ಲಾಟ್‌ಫಾರ್ಮಿನ ಬಿಸಿಲಲ್ಲಿ ಲೋಕಲ್‌ಗೆ ಕಾಯುವುದಂತೂ ಬೇಡವೇ ಬೇಡ.

ಚರ್ಮ ಬೇಗ ಮುಪ್ಪಾಗುವುದು ಹೆಚ್ಚಾಗಿ ಬಿಸಿಲಿನಿಂದ. ಆಸ್ಟ್ರೇಲಿಯಾದ ನಂಬೂರ್‌ನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮ ಮುಪ್ಪಾದದ್ದು ಶೇ. 24 ಕಡಿಮೆ. (ಅವರೆಲ್ಲ ಬಹುತೇಕ ಬಿಳಿ ಚರ್ಮದವರು, ಅದೂ ನೆನಪಿರಲಿ.)

ಮೆಸೇಜ್ ಬಂದಾಗ ಇದನ್ನೇ ಹುಡುಕಿ: ಎಷ್ಟು ಜನ, ಎಷ್ಟು ಕಾಲ, ಯಾವುದಕ್ಕೆ ಹೋಲಿಸಿದರು? ವೈದ್ಯಕೀಯ ಅಧ್ಯಯನಗಳನ್ನು ಹುಡುಕುವ ಪಬ್‌ಮೆಡ್ ಎಂಬ ಜಾಲತಾಣದಲ್ಲಿ ಸಾರಾಂಶ ಪುಕ್ಕಟೆ ಸಿಗುತ್ತದೆ. ಬರೀ 'ದೊಡ್ಡ ಡಾಕ್ಟರ್ ಹೇಳಿದ್ದು' ಅಂತಿದ್ದರೆ ಅಲ್ಲೇ ಬಿಡಿ. ಹೆಚ್ಚಿಟ್ಟ ನಿಂಬೆ ಚಿತ್ರಾನ್ನಕ್ಕೆ ಆಗುತ್ತೆ, ಅಲ್ವಾ?