ಇರುವೆಯನ್ನು ಬಿಟ್ಟೇಬಿಟ್ಟಿರಿ

ಕೀಟಗಳು ವಾಸನೆ ಹಿಡಿಯುವ ಬಗೆಯ ಕುರಿತ ನಿಮ್ಮ ಲೇಖನದಲ್ಲಿ ಹಣ್ಣುನೊಣದ ವಾಸನೆ ಗ್ರಾಹಕಗಳ (ವಾಸನೆಯನ್ನು ಹಿಡಿಯುವ ಪ್ರೋಟೀನ್‌ಗಳ) 60 ಜೀನ್‌ಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಸಾರ್. ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಹಲಸಿನಹಣ್ಣು ಕೊಯ್ದ ಕತ್ತಿಯ ಮೇಣ ಒರೆಸುವ ಮೊದಲೇ ಆ ನೊಣಗಳು ಹಾಜರು! ಆದರೆ ಇರುವೆಯನ್ನು ಬಿಟ್ಟಿದ್ದು ಸರಿಯಲ್ಲ. ನಮ್ಮ ದೇಶದ್ದೇ ಆದ, ಜಿಗಿದು ಬೇಟೆ ಹಿಡಿಯುವ ಹಾರ್ಪೆಗ್ನಾಥೋಸ್ ಇರುವೆಗೆ ಇಂಥ ಜೀನ್‌ಗಳು 300ಕ್ಕೂ ಹೆಚ್ಚು. ಈ ಗ್ರಾಹಕಗಳು ಕೆಲಸ ಮಾಡಲು ಓರ್ಕೋ ಎಂಬ ಜೊತೆಗಾರ ಪ್ರೋಟೀನ್ ಬೇಕು. 2017ರಲ್ಲಿ ವಿಜ್ಞಾನಿಗಳು ಓರ್ಕೋದ ಆ ಒಂದು ಜೀನ್ ಕೆಡಿಸಿದರು ನೋಡಿ, ಇರುವೆ ಗೂಡು ಬಿಟ್ಟು ಸುಮ್ಮನೆ ಅಲೆಯತೊಡಗಿತು. ಮಿದುಳಿನಲ್ಲಿ ವಾಸನೆಯ ಭಾಗವೇ ಕುಗ್ಗಿತ್ತು. ನೊಣದಲ್ಲಿ ಅದೇ ಜೀನ್ ಕೆಡಿಸಿದರೂ ಮಿದುಳಿನ ಆ ಭಾಗ ಹಾಗೆ ಕುಗ್ಗುವುದಿಲ್ಲವಂತೆ. ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಚಗಳಿಯ ಗೂಡಿಗೆ ಕೈಹಾಕಿ ಕಚ್ಚಿಸಿಕೊಂಡ ನನಗಂತೂ ಇರುವೆಯ ಕಥೆಯೇ ಬೇಕಿತ್ತು. ಒಂದು ಕಚ್ಚಿದರೆ ಸಾಕು, ಅದು ಬಿಡುವ ವಾಸನೆಗೆ ಉಳಿದವೆಲ್ಲ ನುಗ್ಗಿ ಬಂದು ಕೊಂಬೆಯೆಲ್ಲ ಕೆಂಪಾಗುತ್ತೆ.