ಲೋಕೋದ್ಧಾರಕನ ಹಾಜರಿ ಪುಸ್ತಕ

ನಾನು ರೈಟರ್. ಕತೆ ಬರೆಯುವ ರೈಟರ್ ಅಂದುಕೊಳ್ಳಬೇಡಿ, ಕಾಫಿ ತೋಟದ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಸಂಜೆ ಹಣ್ಣು ತೂಗಿಸುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು. ಮೂಡಿಗೆರೆ ಸೀಮೆಯ ತೋಟಗಳಲ್ಲಿ 31 ವರ್ಷ ನಾನು ಬರೆದದ್ದು ಇಷ್ಟೇ. ಹಾಗಾಗಿ ಎಂಥ ವೀರನನ್ನು ಕಂಡರೂ ನನಗೆ ಮೊದಲು ಹುಟ್ಟುವ ಪ್ರಶ್ನೆ ಒಂದೇ: ಇವನಿಗೆ ಇವತ್ತು ಪೂರ್ತಿ ಹಾಜರಿಯೋ, ಅರ್ಧ ಹಾಜರಿಯೋ?

ಈ ಸಲ ಆರಿದ್ರಾ ಮಳೆ ಕಚ್ಚಿ ಹಿಡಿದ ಹೊತ್ತಿಗೆ ಅಕ್ಕನ ಮಗ ಬೆಂಗಳೂರಿನಿಂದ ವರ್ಕ್ ಫ್ರಂ ಹೋಮ್ ಅಂತ ಬಂದು ಕೂತ. ಹೋಮ್ ನಮ್ಮದು, ವರ್ಕು ಕಣ್ಣಿಗೆ ಬೀಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಕೊಂಬಿನ ಟೋಪಿಯ ದಾಂಡಿಗನೊಬ್ಬ ಹಗಲೂ ರಾತ್ರಿ ಹಿಮದ ಮೇಲೆ ಓಡುತ್ತಿದ್ದ. 2011ರಲ್ಲಿ ಬಂದ ‘ಸ್ಕೈರಿಮ್’ ಅನ್ನುವ ಆಟವಂತೆ.

“ಇವನು ಯಾರೋ?”

“ಡ್ರ್ಯಾಗನ್‌ಬಾರ್ನ್ ಮಾವ. ಡ್ರ್ಯಾಗನ್ ಕೊಂದು ಅದರ ಆತ್ಮನೇ ಹೀರಿಕೊಳ್ತಾನೆ. ಲೋಕ ನುಂಗೋಕೆ ಆಲ್ಡುಯಿನ್ ಅಂತ ಒಂದು ಬಂದಿದೆ, ಅದನ್ನ ತಡೆಯೋಕೆ ಆಗೋದು ಇವನೊಬ್ಬನಿಂದಲೇ.”

“ಈಗ ಅದನ್ನು ತಡೆಯೋಕೆ ಓಡ್ತಿದ್ದಾನಾ?”

“ಇಲ್ಲ. ಒಬ್ಬಳಿಗೆ ಇಪ್ಪತ್ತು ಕಾಡುದ್ರಾಕ್ಷಿ ಬೇಕಂತೆ. ಕಿತ್ತು ಕೊಡಬೇಕು.”

ಆ ಕ್ಷಣವೇ ನಾನು ಅಟ್ಟ ಹತ್ತಿ ಒಂದು ಹಳೇ ಹಾಜರಿ ಪುಸ್ತಕ ಇಳಿಸಿಕೊಂಡೆ. ಲೋಕೋದ್ಧಾರಕನೊಬ್ಬ ದ್ರಾಕ್ಷಿ ಕೊಯ್ಲಿಗೆ ಬಂದಿದ್ದಾನೆ ಅಂದಮೇಲೆ ಲೆಕ್ಕ ಇಡದೆ ಬಿಡುವುದು ಹೇಗೆ?

ಮೊದಲು ತೂಕ ನೋಡಿದೆ. ಈ ವೀರ ಶುರುವಿನಲ್ಲಿ ಹೊರಬಲ್ಲದ್ದು 300. ಕೆಜಿಯೋ ಪೌಂಡೋ ಅವನಿಗೂ ಗೊತ್ತಿಲ್ಲ, ಬರೀ 300. ಡ್ರ್ಯಾಗನ್ನಿನ ಒಂದು ಮೂಳೆ 15. ಮೂಳೆ, ಕತ್ತಿ, ಕೊಡಲಿ, ಸತ್ತವರ ಚಡ್ಡಿ ಚಪ್ಪಲಿ ಎಲ್ಲ ತುಂಬಿಕೊಂಡು 300 ಮುಟ್ಟುವವರೆಗೂ ಜಿಂಕೆಯ ಹಾಗೆ ಓಡುತ್ತಾನೆ. ಅದರ ಮೇಲೊಂದು ಎಲೆಕೋಸು ಇಟ್ಟರೆ ಮುಗಿಯಿತು, ಬಾಣಂತಿ ನಡಿಗೆ. ಚಿನ್ನದ ನಾಣ್ಯಕ್ಕೆ ಮಾತ್ರ ತೂಕವೇ ಇಲ್ಲ. ಲಕ್ಷ ನಾಣ್ಯ ಜೇಬಿನಲ್ಲಿದ್ದರೂ ಸೊನ್ನೆ. ನಮ್ಮಲ್ಲಿ 50 ಕೆಜಿ ಚೀಲ ಹೊತ್ತು ಕಣ ದಾಟುವ ಆಳಿಗೆ ಈ ಸೌಲಭ್ಯ ಇಲ್ಲ. ಆ ಚೀಲದ ದುಡ್ಡು ಎಣಿಸುವವರಿಗೆ ಇರಬಹುದು.

ಜಗಳದ ನಡುವೆ ಏಟು ತಿಂದು ಪ್ರಾಣ ಹೋಗುವ ಸ್ಥಿತಿ ಬಂತು ಅನ್ನಿ. ಹುಡುಗ ಒಂದು ಗುಂಡಿ ಒತ್ತುತ್ತಾನೆ. ರಾಕ್ಷಸನ ಗದೆ ಗಾಳಿಯಲ್ಲೇ ನಿಲ್ಲುತ್ತದೆ. ನಮ್ಮವನು ಚೀಲ ಬಿಚ್ಚಿ, ಗಾಡಿಚಕ್ರದಂಥ ಚೀಸ್ ಗಾಲಿಗಳನ್ನು ಒಂದರ ಹಿಂದೊಂದು ಹದಿನಾರು ತಿಂದು, ಎರಡು ಎಲೆಕೋಸು ಹಸಿಯಾಗಿ ಕಚ್ಚಿ, ಬಾಯಿ ಒರೆಸಿಕೊಂಡು ಮತ್ತೆ ಗುಂಡಿ ಒತ್ತುತ್ತಾನೆ. ಗದೆ ಇಳಿಯುತ್ತದೆ. ಇವನಿಗೆ ಏನೂ ಆಗುವುದಿಲ್ಲ.

ನಾನು ಬಿದ್ದು ಬಿದ್ದು ನಕ್ಕೆ. ಒಲೆಯ ಮುಂದೆ ಕಡುಬಿಗೆ ಹಿಟ್ಟು ತಿರುವುತ್ತಿದ್ದ ಅಮ್ಮ ನಗಲಿಲ್ಲ.

“ಅದರಲ್ಲಿ ನಗೋದೇನು ಬಂತು? ನಮ್ಮ ಬೆಳವಾಡಿಯಲ್ಲೇ ನಡೆದದ್ದಲ್ವಾ?”

ನಿಜ. ಹಳೇಬೀಡಿನಿಂದ ಈಚೆ, ನಮ್ಮ ಜಿಲ್ಲೆಯ ಬೆಳವಾಡಿಯೇ ಮಹಾಭಾರತದ ಏಕಚಕ್ರನಗರ ಅಂತ ಸ್ಥಳಪುರಾಣ. ಬಕಾಸುರನಿಗೆ ಗಾಡಿ ತುಂಬ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಮನುಷ್ಯನ ಪಾಳಿಯಲ್ಲಿ ಹೋದ ಭೀಮ ಗಾಡಿ ನಿಲ್ಲಿಸಿಕೊಂಡು ಅನ್ನವನ್ನೆಲ್ಲ ತಾನೇ ಉಣ್ಣಲು ಕೂತ. ಬಕ ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿದ. ಭೀಮ ತಿರುಗಿ ಕೂಡ ನೋಡದೆ ತುತ್ತು ಎತ್ತಿದ. ಊಟ ಮುಗಿಸಿ, ಕೈ ತೊಳೆದು, ಆಮೇಲೆ ಕೊಂದ.

“ಭೀಮಂಗೆ ಎಕ್ಸ್‌ಪಿ ಎಷ್ಟು ಬಂತು ಅಜ್ಜಿ?” ಅಂದ ಹುಡುಗ. ಆಟದಲ್ಲಿ ಮಾಡಿದ ಕೆಲಸಕ್ಕೆ ಸಿಗುವ ಅನುಭವದ ಅಂಕವಂತೆ ಅದು.

“ಏನು ಬಂತೋ ನಾ ಕಾಣೆ. ವನವಾಸ ತಪ್ಪಿಸಿಕೊಂಡು ಅಡಗಿದ್ದೋರು ಮಾರಾಯ, ಹೆಣ ಊರ ಬಾಗಿಲಿಗೆ ಎಳೆದು ಹಾಕಿ, ಯಾರಿಗೂ ಗೊತ್ತಾಗದ ಹಾಗೆ ಮನೆಗೆ ಬಂದು ಮಲಗಿದ.”

ಬಿರುದಿಲ್ಲ, ಬಹುಮಾನವಿಲ್ಲ, ಹಾಜರಿಯೂ ಇಲ್ಲ. ವನವಾಸಕ್ಕೂ ಅದಕ್ಕೂ ಅಮ್ಮ ಸ್ವಲ್ಪ ಹಿಂದೆ ಮುಂದೆ ಮಾಡಿದಳು. ಬಕನ ಕಾಲಕ್ಕೆ ಅವರು ಅರಗಿನ ಮನೆಯಿಂದ ತಪ್ಪಿಸಿಕೊಂಡವರು. ಇರಲಿ.

ಭೀಮ ಹುಟ್ಟಾ ಬಲಶಾಲಿ. ನಮ್ಮ ಹುಡುಗನ ವೀರ ಬಲ ಗಳಿಸುವ ರೀತಿ ಬೇರೆ. ಸ್ಕೈರಿಮ್ ಬಂದ ಹೊಸದರಲ್ಲಿ ಜನ ಕಮ್ಮಾರಸಾಲೆ ಮುಂದೆ ಕೂತು ಕಬ್ಬಿಣದ ಚೂರಿ ಮಾಡಿದರಂತೆ. ಒಂದಲ್ಲ, ಹತ್ತಲ್ಲ, ನೂರಾರು ಚೂರಿ. ಯಾರಿಗೂ ಬೇಡದ ಆ ಚೂರಿಗಳನ್ನು ಬಡಿದೂ ಬಡಿದೂ ಜಗದ್ವಿಖ್ಯಾತ ಕಮ್ಮಾರನಾಗುವುದು. ಕಂಪನಿಯವರಿಗೆ ಇದು ಗೊತ್ತಾಗಿ, ಮಾಲಿನ ಬೆಲೆ ನೋಡಿ ಅನುಭವ ಲೆಕ್ಕ ಹಾಕುವ ಹಾಗೆ ತಿದ್ದಿದರು. ಅದಕ್ಕೂ ಹಿಂದಿನ ಆಟಗಳಲ್ಲಿ ನೆಗೆತದ ವಿದ್ಯೆ ಬೆಳೆಯಬೇಕಾದರೆ ನೆಗೆಯುತ್ತಲೇ ಇರಬೇಕಿತ್ತು. ಲೋಕದ ಹಣೆಬರಹ ಹೊತ್ತ ಮಹಾಪುರುಷ ಊರಿಂದೂರಿಗೆ ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡೇ ಹೋಗುತ್ತಿದ್ದ.

ಇನ್ನೊಂದು ದಾರಿಯನ್ನಂತೂ ನಾನು ಮೂರು ಸಲ ಹೇಳಿಸಿಕೊಂಡು ಬರೆದುಕೊಂಡೆ. ಒಂದು ಮದ್ದು ಕುಡಿದರೆ ಮೈಮೇಲಿನ ಉಂಗುರ ಸರಗಳಿಗೆ ಬಲ ಬರುತ್ತದೆ. ಆ ಉಂಗುರ ತೊಟ್ಟು ಮದ್ದು ಅರೆದರೆ ಮದ್ದಿಗೆ ಇನ್ನಷ್ಟು ಬಲ. ಆ ಮದ್ದು ಕುಡಿದರೆ ಉಂಗುರಕ್ಕೆ ಮತ್ತಷ್ಟು. ಹೀಗೇ ಗಾಣ ತಿರುಗಿಸಿದರೆ ಕೊನೆಗೆ ಒಂದು ಏಟಿಗೆ ಯಾವುದೂ ಉಳಿಯದ ಕತ್ತಿ ಕೈಗೆ ಬರುತ್ತದೆ. ಇದು ವೀರತನವಲ್ಲ, ಮೀಟರ್ ಬಡ್ಡಿ.

ಅಷ್ಟು ಕಷ್ಟಪಟ್ಟು ಅಂಥ ಕತ್ತಿ ಸಂಪಾದಿಸಿದ ಮಾರನೇ ದಿನ ಹುಡುಗ ಆಕಳಿಸಿದ.

“ಬೋರ್ ಮಾವ. ಎಲ್ಲರೂ ಒಂದೇ ಏಟಿಗೆ ಸಾಯ್ತಾರೆ. ಡಿಫಿಕಲ್ಟಿ ಲೆಜೆಂಡರಿ ಮಾಡ್ತೀನಿ.”

“ಹಂಗಂದ್ರೆ?”

“ನಾವು ಕೊಟ್ಟ ಏಟು ಕಾಲು ಭಾಗ ಮಾತ್ರ ತಾಗುತ್ತೆ. ಅವರದ್ದು ಮೂರು ಪಟ್ಟು.”

“ಅವರಿಗೆ ಬುದ್ಧಿ?”

“ಅದು ಅಷ್ಟೇ ಇರುತ್ತೆ.”

ಇದು ಸುಳ್ಳಲ್ಲ. ಗುಹೆ ಬಾಗಿಲಲ್ಲಿ ಕಾವಲಿದ್ದ ದರೋಡೆಕೋರನ ತಲೆಗೆ ಹುಡುಗ ಕತ್ತಲಲ್ಲಿ ಕೂತು ಬಾಣ ಬಿಟ್ಟ. ಬಾಣ ನೆಟ್ಟಗೆ ನೆಟ್ಟಿತು. ಅವನು ನೆಟ್ಟ ಬಾಣದ ಸಮೇತ ಅತ್ತ ಇತ್ತ ಎರಡು ಸುತ್ತು ಹುಡುಕಿ, ಗಾಳಿ ಇರಬೇಕು ಅಂದುಕೊಂಡು, ಬಂದು ಮೊದಲಿನ ಜಾಗದಲ್ಲೇ ನಿಂತ. ಲೆಜೆಂಡರಿಯಲ್ಲೂ ಗಾಳಿಯೇ. ಚರ್ಮ ದಪ್ಪವಾಯಿತೇ ಹೊರತು ತಲೆಗೆ ಏನೂ ಹೊಳೆಯಲಿಲ್ಲ. ಕಷ್ಟ ಅಂದರೆ ಪುಸ್ತಕದಲ್ಲಿ ಎರಡು ಅಂಕಿ ತಿದ್ದುವುದು, ಅಷ್ಟೇ. ಕೂಲಿ ಕಾಲು ಭಾಗ, ಕೆಲಸ ಮೂರು ಪಟ್ಟು. ಈ ಲೆಜೆಂಡರಿ ಸ್ಕೀಮು ಹಾಕಿದ ಸಾಹುಕಾರರನ್ನು ನಾನು ಕಂಡಿದ್ದೇನೆ. ಮಾರನೇ ಬೆಳಿಗ್ಗೆ ಆಳುಗಳ ಲೈನ್ ಮನೆ ಖಾಲಿ.

ಇದೇ ಕಂಪನಿಯ 2006ರ ‘ಆಬ್ಲಿವಿಯನ್’ನಲ್ಲಿ ಇದಕ್ಕಿಂತ ಚೆಂದದ ಲೆಕ್ಕವಿತ್ತು. ನಾವು ಬೆಳೆದಷ್ಟೂ ಲೋಕವೂ ಬೆಳೆಯುತ್ತಿತ್ತು. ಆಟದ ಕೊನೆಗೆ ಬಂದರೆ ದಾರಿ ಅಡ್ಡಗಟ್ಟುವ ಪುಡಿಗಳ್ಳನ ಮೈಮೇಲೂ ರಾಜಮನೆತನಕ್ಕೆ ಹೊಂದುವ ಗಾಜಿನ ಕವಚ. ಅದನ್ನು ಮಾರಿದರೆ ಸಾವಿರಗಟ್ಟಲೆ ಬರುತ್ತದೆ. ಅವನು ಕೇಳುವುದು ಮಾತ್ರ 100 ನಾಣ್ಯ. ನಮ್ಮ ಘಟ್ಟದ ರಸ್ತೆಯಲ್ಲಿ ಫಾರ್ಚುನರ್ ಅಡ್ಡ ನಿಲ್ಲಿಸಿ ಹತ್ತು ರೂಪಾಯಿ ಗಣಪತಿ ಚಂದಾ ಕೇಳುವವರನ್ನು ನಾನಿನ್ನೂ ಕಂಡಿಲ್ಲ. ಈ ವರ್ಷ ಕಾಣಬಹುದು.

ಕಷ್ಟದ ವಿಷಯದಲ್ಲಿ ಮಡಿವಂತರ ಒಂದು ಪಂಗಡವೇ ಇದೆ. 2022ರಲ್ಲಿ ಬಂದ ‘ಎಲ್ಡನ್ ರಿಂಗ್’ ಆಟದಲ್ಲಿ ಸುಲಭ, ಕಠಿಣ ಅಂತ ಆರಿಸುವ ಗುಂಡಿಯೇ ಇಲ್ಲ. ಎಲ್ಲರೂ ಒಂದೇ ಸಮನೆ ಸಾಯಬೇಕು. ಆದರೆ ಬೂದಿಯಿಂದ ಆತ್ಮವನ್ನು ಕರೆಸಿ ಜೊತೆಗೆ ನಿಲ್ಲಿಸಿಕೊಳ್ಳಬಹುದು. ಹಾಗೆ ಗೆದ್ದವನು ಗೆದ್ದನೋ ಇಲ್ಲವೋ ಅನ್ನುವುದು ದೊಡ್ಡ ವ್ಯಾಜ್ಯ. ಆಟ ಮಾಡಿದವರೇ ಇಟ್ಟ ಸೌಲಭ್ಯ ಬಳಸಿದರೆ ಮೈಲಿಗೆಯಂತೆ. ಏಕಾದಶಿ ಉಪವಾಸಕ್ಕೆ ಉಪ್ಪಿಟ್ಟು ನಡೆಯುತ್ತದೋ ಅವಲಕ್ಕಿ ಮಾತ್ರವೋ ಅಂತ ನಮ್ಮ ಬೀದಿಯಲ್ಲಿ ನಡೆಯುವ ಚರ್ಚೆಯ ತಮ್ಮ ಇದು. ಅದೇ ಆಟದಲ್ಲಿ ಮಲೇನಿಯಾ ಅನ್ನುವ ಉಗ್ರೆಯನ್ನು ಸೋಲಿಸಲಾಗದೆ ಜನ ಕಂಗಾಲಾದಾಗ, ತಲೆಗೆ ಮಡಕೆ ಕವುಚಿ ಸೊಂಟಕ್ಕೆ ಚಿಂದಿ ಸುತ್ತಿ ಎರಡು ಕತ್ತಿ ಹಿಡಿದ ಆಟಗಾರನೊಬ್ಬ ಕರೆದವರ ಆಟಕ್ಕೆಲ್ಲ ಬಂದು, ನೀವು ದೂರ ನಿಲ್ಲಿ ಅಂತ ಹೇಳಿ, ಒಬ್ಬನೇ ಅವಳನ್ನು ಮುಗಿಸಿ ಹೋಗುತ್ತಿದ್ದನಂತೆ. ಹುಡುಗ ಚಿತ್ರ ತೋರಿಸಿದ. ಥೇಟ್ ನಮ್ಮ ಗದ್ದೆಯ ಬೆರ್ಚಪ್ಪ. ಇಡೀ ಆಟದಲ್ಲಿ ನನಗೆ ಗೌರವ ಹುಟ್ಟಿದ್ದು ಅವನೊಬ್ಬನ ಮೇಲೆ. ಕರೆದ ಕಡೆ ಬಂದ, ಹೇಳಿದ ಕೆಲಸ ಮಾಡಿದ, ಹೋದ. ಪೂರ್ತಿ ಹಾಜರಿ.

ಬಿರುದಿನ ಕಾಲಂ ತುಂಬಲು ನನಗೆ ಒಂದು ಹಾಳೆ ಸಾಲಲಿಲ್ಲ.

ವಿಂಟರ್‌ಹೋಲ್ಡ್ ಅನ್ನುವಲ್ಲಿ ಮಂತ್ರವಿದ್ಯೆಯ ಕಾಲೇಜಿದೆ. ಹುಡುಗ ಬಾಗಿಲಲ್ಲಿ ಒಂದು ಮಂತ್ರ ಬಿಟ್ಟು ತೋರಿಸಿ ಒಳಗೆ ಸೇರಿದ. ಅಲ್ಲಿಂದಾಚೆಗೆ ಹೆಚ್ಚುಕಡಿಮೆ ಎಲ್ಲವನ್ನೂ ಕೊಡಲಿಯಿಂದಲೇ ಸಾಧಿಸಿದ. ನಾಲ್ಕು ದಿನದಲ್ಲಿ ಆರ್ಚ್‌ಮೇಜ್, ಅಂದರೆ ಕಾಲೇಜಿಗೇ ದೊಡ್ಡ ಗುರು. ವರ್ಷಗಟ್ಟಲೆ ಓದಿದ ಮೇಷ್ಟ್ರುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆ ವಾರವೇ ಕಾದಾಳುಗಳ ಬಳಗಕ್ಕೂ ಇವನೇ ಮುಂದಾಳು, ಕೊಲೆಗಡುಕರ ಕೂಟಕ್ಕೂ ಇವನೇ ಹಿರಿಯ. ಕಳ್ಳರ ಸಂಘಕ್ಕೂ ಇವನೇ ಯಜಮಾನ, ಆ ಕಳ್ಳರು ಕನ್ನ ಹಾಕುವ ಊರಿನಲ್ಲಿ ‘ಥೇನ್’ ಅನ್ನುವ ಗೌರವವೂ ಇವನಿಗೇ.

ಅಮ್ಮನಿಗೆ ಇದರಲ್ಲೂ ವಿಶೇಷ ಕಾಣಲಿಲ್ಲ. “ನಮ್ಮ ಗೌರವಾಧ್ಯಕ್ಷರ ಹಾಗೆ” ಅಂದಳು.

ಹೆಸರು ಬೇಡ. ಯಾವ ಊರಿನವರು ಓದಿದರೂ ತಮ್ಮೂರಿನವರೇ ಅಂದುಕೊಳ್ಳುತ್ತಾರೆ. ಭಜನೆಯ ಒಂದು ಸಾಲು ಬಾರದಿದ್ದರೂ ಭಜನಾ ಮಂಡಳಿಗೆ ಗೌರವಾಧ್ಯಕ್ಷರು. ಚೆಂಡನ್ನು ಉದ್ಘಾಟನೆಯ ದಿನ ಮಾತ್ರ ಮುಟ್ಟುವ ವಾಲಿಬಾಲ್ ಸಂಘಕ್ಕೂ, ಗಣಪತಿ ಸೇವಾ ಸಮಿತಿಗೂ, ಮರ ಉಳಿಸುವ ಬಳಗಕ್ಕೂ, ಮರ ಕುಯ್ಯುವವರ ಒಕ್ಕೂಟಕ್ಕೂ ಅವರೇ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸಿನಲ್ಲಿ ಹುಲಿಯ ಪಕ್ಕ ನಿಂತಿರುತ್ತಾರೆ. ಕೆಳಗೆ ಮಲೆನಾಡ ಹುಲಿ, ಬಡವರ ಬಂಧು, ಅಭಿವೃದ್ಧಿಯ ಹರಿಕಾರ. ಮಳೆ ಜೋರಾದರೆ ಮೊದಲು ಹರಿದು ಬೀಳುವುದು ಅದೇ ಫ್ಲೆಕ್ಸು. ಅಡಿಕೆ ಒಣಗಿಸಲು ಒಳ್ಳೇ ಹಾಸು ಆಗುತ್ತದೆ, ಅಷ್ಟು ಉಪಕಾರ ನಾನು ಮರೆಯಬಾರದು.

ಆದರೆ ಗೌರವಾಧ್ಯಕ್ಷರಿಗೆ ಎದುರು ಸಿಕ್ಕವರು ಕೈಯಾದರೂ ಮುಗಿಯುತ್ತಾರೆ. ಡ್ರ್ಯಾಗನ್‌ಬಾರ್ನ್‌ನ ಪಾಡು ಅದಕ್ಕೂ ಕಡೆ. ಊರ ಬಾಗಿಲಲ್ಲೇ ಡ್ರ್ಯಾಗನ್ ಕೆಡವಿ, ಎಲ್ಲರ ಕಣ್ಣೆದುರು ಅದರ ಆತ್ಮ ಹೀರಿ, ಮೈಯೆಲ್ಲ ಹೊಗೆಯಾಡುತ್ತ ಒಳಗೆ ಬಂದವನನ್ನು ಕಾವಲಿನವನು ನೋಡಿ, ನಿನ್ನ ಸಿಹಿ ಬನ್ನನ್ನು ಯಾರಾದರೂ ಕದ್ದರಾ ಅಂತ ಗೇಲಿ ಮಾಡುತ್ತಾನೆ. ಪಕ್ಕದವನು ತಾನೂ ಒಂದು ಕಾಲದಲ್ಲಿ ಸಾಹಸಿಯೇ ಆಗಿದ್ದೆ, ಮೊಣಕಾಲಿಗೆ ಬಾಣ ಬಿತ್ತು ಅಂತ ತನ್ನ ಪ್ರವರ ತೆಗೆಯುತ್ತಾನೆ. ಈ ಲೋಕದಲ್ಲಿ ಬಲದ ಪುಸ್ತಕ ಬೇರೆ, ಬಿರುದಿನ ಪುಸ್ತಕ ಬೇರೆ, ಜನರ ನೆನಪಿನ ಪುಸ್ತಕ ಬೇರೆ. ಮೂರನ್ನೂ ತಾಳೆ ನೋಡುವ ಒಬ್ಬ ರೈಟರ್ ಅಲ್ಲಿಲ್ಲ.

ಕೋಳಿಯ ವಿಷಯದಲ್ಲಿ ಮಾತ್ರ ಲೆಕ್ಕ ಚೊಕ್ಕ. ಹುಡುಗನ ಕತ್ತಿ ತಪ್ಪಿ ಒಂದು ಕೋಳಿಗೆ ತಗುಲಿತು. ಡ್ರ್ಯಾಗನ್ ಬಂದಾಗ ಮನೆ ಸೇರಿಕೊಂಡಿದ್ದ ಊರು ಊರೇ ಕತ್ತಿ, ಕೊಡಲಿ ಹಿಡಿದು ಲೋಕೋದ್ಧಾರಕನ ಮೇಲೆ ಬಿತ್ತು.

“ನಾಟಿ ಕೋಳಿನಾ?” ಅಂತ ಅಮ್ಮ ಕೇಳಿದಳು. “ಹಾಗಾದ್ರೆ ಸರಿ.”

ಈ ಲೋಕಕ್ಕೂ ಒಂದು ಪುರಾಣವಿದೆ. ಅದಕ್ಕೆ ‘ಲೋರ್’ ಅನ್ನಬೇಕಂತೆ. ಕತೆ ನಡೆಯುವುದು ನಾಲ್ಕನೇ ಯುಗದ 201ನೇ ವರ್ಷ. ಮನೆಮನೆಯ ಕಪಾಟಿನಲ್ಲಿ ಓದಬಹುದಾದ ಪುಸ್ತಕಗಳು. ಯಾವ ದೇವರು ಯಾವ ದೇವರನ್ನು ವಂಚಿಸಿ ಈ ಲೋಕ ಹುಟ್ಟಿತು, ಎಲ್ಲ ಅದರಲ್ಲುಂಟು. ನನಗೆ ಮೆಚ್ಚುಗೆಯಾದದ್ದು ಒಂದು ಸಂಗತಿ. ಇದೇ ಸರಣಿಯ 1996ರ ‘ಡ್ಯಾಗರ್‌ಫಾಲ್’ ಆಟಕ್ಕೆ ಹಲವು ಕೊನೆಗಳಿದ್ದವು. ಒಂದು ಮಹಾಯಂತ್ರವನ್ನು ಆಡಿಸುವ ಕೀಲಿಯನ್ನು ಯಾರ ಕೈಗೆ ಕೊಟ್ಟಿರೋ ಅವರು ಗೆದ್ದಂತೆ. ಮುಂದಿನ ಆಟ ಬರೆಯುವಾಗ ಪ್ರಶ್ನೆ ಎದ್ದಿತು: ನಿಜವಾಗಿ ಗೆದ್ದವರು ಯಾರು? ಕಂಪನಿ ಕೊಟ್ಟ ಉತ್ತರ ಏನು ಗೊತ್ತೇ? ಆ ದಿನ ಕಾಲವೇ ಮುರಿಯಿತು, ಎಲ್ಲ ಕೊನೆಗಳೂ ಒಟ್ಟಿಗೇ ನಡೆದವು!

ಆಡಿಟಿನವರು ಬಂದಾಗ ನನಗೆ ಇದು ಹೊಳೆದಿದ್ದರೆ. ಗೋದಾಮಿನ ಪುಸ್ತಕ, ಕಣದ ಪುಸ್ತಕ, ವ್ಯಾಪಾರಿಯ ಚೀಟಿ ಮೂರರಲ್ಲೂ ಬೇರೆ ಬೇರೆ ತೂಕ. ಸ್ವಾಮಿ, ಮೂರೂ ನಿಜ, ಆ ದಿನ ಕಾಲ ಮುರಿದಿತ್ತು.

ನಗುವುದಕ್ಕೆ ನಮಗೂ ಹಕ್ಕು ಕಡಿಮೆಯೇ. ನಮ್ಮ ತಾಲ್ಲೂಕಿನ ಅಂಗಡಿ ಅಂದರೆ ಹಿಂದಿನ ಸೊಸೆವೂರು. ಅಲ್ಲಿ ವಾಸಂತಿಕೆಯ ಗುಡಿಯ ಮುಂದೆ ಹುಲಿ ಹಾರಿತು, ಸುದತ್ತ ಮುನಿ ‘ಹೊಯ್ ಸಳ’ ಅಂದ, ಸಳ ಅನ್ನುವ ಹುಡುಗ ಒಂದೇ ಏಟಿಗೆ ಹೊಯ್ದ. ಲೆವೆಲ್ ಒಂದರ ವೀರ, ಕೈಯಲ್ಲಿ ಸಲಾಕೆ, ಮೊದಲನೇ ಕ್ವೆಸ್ಟು, ಬಹುಮಾನ ಸಾಮ್ರಾಜ್ಯ. ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಆ ಏಟು ಕಲ್ಲಿನಲ್ಲಿ ನಿಂತಿದೆ. ಹುಲಿ ನೋಡಲು ಸಿಂಹದ ಹಾಗಿದೆ, ಅದು ಬೇರೆ ತಕರಾರು. ಆದರೆ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮೇಲೆಯೇ ಈ ಕತೆಗೆ ರೆಕ್ಕೆ ಬಂತು, ಯಾಕೆಂದರೆ ಚೋಳರ ಲಾಂಛನವೇ ಹುಲಿ ಅನ್ನುತ್ತಾರೆ ಇತಿಹಾಸ ಬಲ್ಲವರು. ಗೆಲುವು ಮೊದಲು ಬಂತು, ಗೆದ್ದವನ ಮೂಲಪುರುಷ ಹುಲಿ ಹೊಡೆದದ್ದು ಆಮೇಲೆ. ನಮ್ಮ ಕಸುಬಿನಲ್ಲಿ ಇದಕ್ಕೆ ಹಿಂದಿನ ತಾರೀಕಿನ ವೋಚರ್ ಅನ್ನುತ್ತೇವೆ. ಅಷ್ಟು ಚೆಂದ ಕೆತ್ತಿದ ವೋಚರನ್ನು ಯಾವ ಆಡಿಟರೂ ವಾಪಸ್ ಕಳಿಸಲಾರ, ಅದು ಬೇರೆ.

ಪುನರ್ವಸು ಮುಗಿದು ಪುಷ್ಯ ಮಳೆ ಶುರುವಾಯಿತು. ಹುಡುಗ ಬಿರುದು ಏರಿಸುತ್ತಲೇ ಇದ್ದಾನೆ. ಲೋಕ ನುಂಗುವ ಆಲ್ಡುಯಿನ್ ಏನಾದ ಅಂತ ಕೇಳಿದೆ.

“ಕಾಯ್ತಾ ಇರುತ್ತೆ ಮಾವ. ನಾವು ಹೋಗೋವರೆಗೂ ಅದು ಏನೂ ಮಾಡಲ್ಲ.”

ಹೌದಂತೆ. ಎಷ್ಟು ವರ್ಷ ಸುತ್ತಾಡಿದರೂ ಪ್ರಳಯ ತನ್ನಷ್ಟಕ್ಕೆ ಬರುವುದಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಆಲ್ಡುಯಿನ್ ಹೆಸರಿನ ಮುಂದೆ ಗೆರೆ ಎಳೆದು ‘ಕೆಲಸಕ್ಕೆ ಬಂದು ಕೆಲಸವಿಲ್ಲದೆ ಕೂತವರು’ ಕಾಲಮ್ಮಿಗೆ ಹಾಕಿದೆ. ಪಾಪ, ಅರ್ಧ ಹಾಜರಿ ಕೊಡಲೇಬೇಕು.

“ದ್ರಾಕ್ಷಿ ಎಷ್ಟಾಯಿತು?”

“ಹದಿನಾಲ್ಕು.”

ಅಮ್ಮ ಕಡುಬಿನ ಪಾತ್ರೆ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡಳು. “ಒಂದು ತಿಂಗಳಿಂದ ಕೊಯ್ಲು ಮಾಡ್ತಾ ಇದ್ದಾನೆ, ಒಂದು ಹಸಿ ಕಾಯಿ ಕೀಳಲಿಲ್ಲ, ಒಂದು ರೆಂಬೆ ಮುರಿಯಲಿಲ್ಲ. ಇವನನ್ನ ಡಿಸೆಂಬರ್‌ವರೆಗೂ ಇಲ್ಲೇ ಇರಿಸ್ಕೊ. ಅರೇಬಿಕಾಕ್ಕೆ ಜನ ಸಿಗಲ್ಲ.”

ಹುಡುಗ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಅದಕ್ಕೆ ಲೆವೆಲ್ ಅಪ್ ಆಗಲ್ಲ ಅಜ್ಜಿ.”